ಮುಖದ ಮುಂದೆ ಓದುವ ಬುಧವಾರ

ಲಾಂದ್ರ ಪತ್ರಿಕೆಯವರು ಕಾಗದ ಹಿಡಿದು ಕಾಯಿಲೆ ಬಿದ್ದವರ ಮನೆಗೆ ಹೋದರೆ ಮಾರ್ಲೆ ಪಾಯಿಂಟ್ ಎಂಬ ಉಕ್ಕಿನ ಕಾರ್ಖಾನೆಯ ಊರಿನ ಕರಿಯರಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. "ಬಂದ್ರಾ? ಓದಿ, ಏನ್ ಬರ್ದಿದೀರೋ ನೋಡೋಣ" ಎಂದು ದಿಂಬಿಗೆ ಒರಗಿ ಕೂರುತ್ತಿದ್ದರು. ಸತ್ತ ಮೇಲೆ ಅಚ್ಚಾಗಬೇಕಾದ ನಿಧನವಾರ್ತೆಯನ್ನು ಬದುಕಿರುವಾಗಲೇ ಅವರವರಿಗೆ ಓದಿ ಹೇಳುವುದು ಆ ವಾರಪತ್ರಿಕೆಯ ಪದ್ಧತಿ. ಚರ್ಚಿನ ಡೀಕನ್ ಆಂಬ್ರೋಸ್ ತನ್ನ ವಾರ್ತೆಯಿಂದ ಮೊದಲ ಹೆಂಡತಿಯ ಹೆಸರನ್ನು ಹೊಡೆದುಹಾಕಿಸಿದ್ದ. ಸುದ್ದಿ ತಿಳಿದ ಆಕೆ ಅಲಬಾಮಾದಿಂದ ರೈಲು ಹತ್ತಿ ಬಂದು, ಅವನ ಮಂಚದ ಪಕ್ಕವೇ ನಿಂತು, ತನ್ನ ಹೆಸರನ್ನು ಮತ್ತೆ ಬರೆಸಿ ಹೋಗಿದ್ದಳು. ಇನ್ನೊಬ್ಬ ಮುದುಕಿ ತನ್ನ ವಾರ್ತೆ ಕೇಳಿ ಎಷ್ಟು ಖುಷಿಪಟ್ಟಳೆಂದರೆ, ಸಾಯುವುದನ್ನೇ ಮುಂದೂಡಿ ಮೊಮ್ಮಗಳ ಮದುವೆಯಲ್ಲಿ ಕುಣಿದಳು.

ಆ ಅಕ್ಟೋಬರಿನ ಮಧ್ಯಾಹ್ನ ವರ್ಡೆಲ್ ಕ್ರೆನ್‌ಶಾ ಹಿಡಿದು ಹೊರಟಿದ್ದು ಈ ಪದ್ಧತಿಯನ್ನು ಹುಟ್ಟಿಸಿದವನದೇ ವಾರ್ತೆ. ಓಜೆಲ್ ಟಾಲಿವರ್: ಲಾಂದ್ರವನ್ನು ಕಟ್ಟಿದ ಸಂಪಾದಕ, ಆಮೇಲೆ ಊರಿನ ಮೊದಲ ಕರಿಯ ಮೇಯರ್. ಈಗ ಲಾಂದ್ರದ ಸಂಪಾದಕಿ ವರ್ಡೆಲ್. ಟಾಲಿವರ್ ಮೇಯರಾಗಿದ್ದ ಕಾಲದ ಒಂದು ಬುಧವಾರದಿಂದ ಈಚೆಗೆ ಅವಳು ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಚರ್ಚಿನಲ್ಲಿ ಎದುರಾದರೆ ತಲೆ ಆಡಿಸುವುದು, ಅಷ್ಟೇ. ಅವನ ಬದುಕಿನ ಬಗ್ಗೆ ಬರೆಯಬೇಕಾದ್ದನ್ನೆಲ್ಲ ಬರೆದಿದ್ದಳು. ಆ ಬುಧವಾರದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಅವತ್ತು ಕರೆದರೂ ಅವನು ಬರದೇ ಹೋದದ್ದು ಬೇಕೆಂದೋ, ಕೆಲಸದ ಗಡಿಬಿಡಿಯಿಂದಲೋ? ಅದನ್ನು ಬಲ್ಲವನು ಅವನೊಬ್ಬನೇ. ಡಾಕ್ಟರು ಹೇಳಿದ ಪ್ರಕಾರ ಅವನಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಮಗಳು ರೋಸೆಟಾ ಬಾಗಿಲು ತೆಗೆದಳು. "ಅಂತೂ ಬಂದ್ರಲ್ಲ ಆಂಟಿ. ದಿನಾ ಕೇಳ್ತಾರೆ, ಲಾಂದ್ರದವರು ಬಂದ್ರಾ ಅಂತ. ಕಾಯಿಸ್ಬಿಟ್ರಿ."

"ಅವರೂ ನನ್ನನ್ನ ಕಾಯಿಸಿದ್ರಮ್ಮ" ಅಂದಳು ವರ್ಡೆಲ್. ರೋಸೆಟಾಗೆ ಅರ್ಥವಾಗಲಿಲ್ಲ.

ಒಳಗಿನ ಕೋಣೆಯಲ್ಲಿ ಟಾಲಿವರ್ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ದೊಡ್ಡ ಆಳು ಸವೆದು ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದ. ದನಿ ಮಾತ್ರ ಅದೇ.

"ಎಷ್ಟು ಪುಟ ತಂದಿದೀಯೆ?"

"ಎರಡು, ಚೀಫ್."

"ಎರಡು ಯಾಕೆ? ಪಾದ್ರಿಗೇ ಒಂದರಲ್ಲಿ ಮುಗಿಸಿದ್ವಿ."

"ಪಾದ್ರಿ ನಿಮ್ಮಷ್ಟು ತೊಂದ್ರೆ ಕೊಟ್ಟಿರ್ಲಿಲ್ಲ."

ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವ ತನಕ ವರ್ಡೆಲ್ ನೀರಿನ ಲೋಟ ಹಿಡಿದು ನಿಂತಳು. ಆಮೇಲೆ ಕೂತು ಓದತೊಡಗಿದಳು.

ಓದುತ್ತಾ ಹೋದಂತೆ ಅವಳ ಮೂಗಿಗೆ ಮೊದಲು ಬಂದದ್ದು ಹಳೆಯ ದಿನಗಳ ಕಾದ ಸೀಸದ ವಾಸನೆ. ಶಾಲೆ ಮುಗಿಸಿದ ವಾರವೇ ಅವಳು ಲಾಂದ್ರದ ಅಚ್ಚುಮನೆ ಸೇರಿದ್ದಳು. ಕೆಳಗೇರಿಯ ಡೋರ್ಸೆ ಬೀದಿಯಲ್ಲಿ, ಕೆಳಗೆ ಗ್ಯಾಡಿಸನ ಕ್ಷೌರದಂಗಡಿ, ಮೇಲೆ ಪತ್ರಿಕೆ. ಊರಿನ ತಗ್ಗಿನಲ್ಲಿ, ಉಕ್ಕಿನ ಕಾರ್ಖಾನೆಯ ಹೊಗೆ ನೇರ ಬಂದು ಇಳಿಯುವ ಕಡೆ, ದಕ್ಷಿಣದ ರಾಜ್ಯಗಳಿಂದ ಬಂದ ಕರಿಯರಿಗೆ ಬಿಟ್ಟುಕೊಟ್ಟಿದ್ದ ನೆಲವೇ ಕೆಳಗೇರಿ. ಬೇರೆ ಕಡೆ ಮನೆ ಕೊಡುವವರಿರಲಿಲ್ಲ, ಅದಕ್ಕೇ ಡಾಕ್ಟರೂ ಅಲ್ಲೇ, ಕುಡುಕನೂ ಅಲ್ಲೇ, ಪಿಯಾನೋ ಮೇಡಮ್ಮೂ ಅಲ್ಲೇ. ಶುಕ್ರವಾರ ಸಂಜೆ ಮನೆಮನೆಯಲ್ಲೂ ಮೀನು ಕರಿಯುವ ವಾಸನೆ ಎದ್ದು ಕಾರ್ಖಾನೆಯ ಹೊಗೆಯನ್ನೇ ಹಿಂದಕ್ಕೆ ತಳ್ಳುತ್ತಿತ್ತು. ಬೇಸಿಗೆಯಲ್ಲಿ ಜಗುಲಿಗಳ ಮೇಲೇ ಊಟ, ಜಗಳ, ಪ್ರೇಮ, ಇಸ್ಪೀಟು. ಒಂದು ತುದಿಯಲ್ಲಿ ಒಬ್ಬಳು ಹಾಡು ಶುರು ಮಾಡಿದರೆ ಇನ್ನೊಂದು ತುದಿಯಲ್ಲಿ ಇನ್ನೊಬ್ಬಳು ಪಾತ್ರೆ ತೊಳೆಯುತ್ತಾ ಅದನ್ನು ಮುಗಿಸುತ್ತಿದ್ದಳು.

ಪೇಟೆಯ ದೊಡ್ಡ ಪತ್ರಿಕೆಗೆ ಇದ್ಯಾವುದೂ ಕಾಣುತ್ತಿರಲಿಲ್ಲ. ಅದರಲ್ಲಿ ಕರಿಯರ ಹೆಸರು ಬರುತ್ತಿದ್ದುದು ಅಪರಾಧದ ಪುಟದಲ್ಲಿ ಮಾತ್ರ. ಟಾಲಿವರನ ಅಣ್ಣನನ್ನು ಆ ಪತ್ರಿಕೆ ಒಮ್ಮೆ ಕಳ್ಳನೆಂದು ಬರೆಯಿತು. ಕದ್ದವನು ಬೇರೆಯವನೆಂದು ಆಮೇಲೆ ಗೊತ್ತಾದಾಗ, ತಿದ್ದುಪಡಿ ಹಾಕಲು ಜಾಗವಿಲ್ಲವೆಂದರು. ಅಣ್ಣ ಕಾರ್ಖಾನೆಯ ಕೆಲಸ ಕಳೆದುಕೊಂಡ, ಊರೂ ಬಿಟ್ಟ. ಟಾಲಿವರ್ ಹಳೆಯ ಮುದ್ರಣಯಂತ್ರ ತಂದು ಲಾಂದ್ರ ಶುರು ಮಾಡಿದ್ದು ಆ ಸಿಟ್ಟಿನಲ್ಲಿ. ಅದರ ಮೊದಲ ನಿಯಮವೂ ಆ ಸಿಟ್ಟಿನದೇ: ಯಾರ ಮೇಲಾದರೂ ಏನಾದರೂ ಬರೆದರೆ, ಅಚ್ಚಿಗೆ ಹೋಗುವ ಮೊದಲು ಅವರನ್ನು ಕರೆಸಿ, ಮುಖದ ಮುಂದೆ ಓದಬೇಕು. ಅವರು ಬೈಯಲಿ, ಅಳಲಿ, ತಪ್ಪಿದ್ದರೆ ತೋರಿಸಲಿ. ಕೇಳಿಸದೆ ಅಚ್ಚು ಹಾಕುವಂತಿಲ್ಲ.

ಹೀಗೆ ಬುಧವಾರಗಳು ಹುಟ್ಟಿದವು. ಮಧ್ಯಾಹ್ನ ತಿದ್ದಲೆಂದು ತೆಗೆದ ಪ್ರೂಫ್ ಹಾಳೆಗಳು ಕೆಳಗಿಳಿದು ಕ್ಷೌರದಂಗಡಿಗೆ ಬರುತ್ತಿದ್ದವು. ಓದು ಬಾರದವರು, ಓದು ಬಂದೂ ಕನ್ನಡಕವಿಲ್ಲದವರು, ಸುಮ್ಮನೆ ಗಲಾಟೆ ಬೇಕಾದವರು, ಎಲ್ಲ ಸೇರುತ್ತಿದ್ದರು. ಟಾಲಿವರ್ ಕ್ಷೌರದ ಎತ್ತರದ ಕುರ್ಚಿಯಲ್ಲಿ ಕೂತು ಓದುತ್ತಿದ್ದ. ಬಾಡಿಗೆಗೆ ಇಲಿ ಸಮೇತ ಮನೆ ಕೊಟ್ಟವನು, ಕಾರ್ಮಿಕ ಸಂಘದ ವಂತಿಗೆಯಲ್ಲಿ ಸೂಟು ಹೊಲಿಸಿಕೊಂಡವನು, ಎಲ್ಲರೂ ಅಂಗಡಿಯ ಬೆಂಚಿಗೆ ಬಂದು ಕೂತು ತಮ್ಮ ಕಥೆ ಕೇಳಿದವರೇ.

"ಇನ್ನೊಂದ್ಸಲ ಓದು, ಓಜೆಲ್. ಅವನ ಕಿವಿಗೆ ಸೋಪು ಹೋಗಿದೆ" ಎಂದು ಕೂಗುತ್ತಿದ್ದವಳು ಲುವೆನಿಯಾ ಅವ್ವ. ಡೋರ್ಸೆ ಬೀದಿಯ ಮೂಲೆಮನೆಯವಳು, ಟಾಲಿವರನಿಗಿಂತ ಹಿರಿಯಳು. ಅವಳು ಒಂದು ಬುಧವಾರವೂ ತಪ್ಪಿಸಿದವಳಲ್ಲ.

"ನೀನು ಸುಮ್ನಿದ್ರೆ ಓದ್ತೀನವ್ವ."

"ನಾನು ಸುಮ್ನಿದ್ರೆ ನಿನ್ನ ಪತ್ರಿಕೇಲಿ ಏನಿರುತ್ತೆ, ಚರ್ಚಿನ ಊಟದ ಸುದ್ದಿ."

ಗ್ಯಾಡಿಸ್ ನಗುತ್ತಾ ಕತ್ತಿ ಎತ್ತಿ ಹಿಡಿಯುತ್ತಿದ್ದ. ನಗುವಾಗ ಯಾರ ಕತ್ತಿನ ಮೇಲೂ ಕತ್ತಿ ಇಡಬಾರದೆಂದು ಅವನ ಅಂಗಡಿಯ ನಿಯಮ.

ವರ್ಡೆಲ್ ಬರೆಯುವುದನ್ನು ಕಲಿತದ್ದು ಆ ಬೆಂಚುಗಳಿಂದ. ಕೇಳುವವರು ಮಿಸುಕಾಡಿದರೆ ವಾಕ್ಯ ಉದ್ದವಾಯಿತೆಂದು ಅರ್ಥ. ಕೆಮ್ಮಿದರೆ ಸುಳ್ಳಿದೆಯೆಂದು ಅರ್ಥ.

"ಯಾಕೆ ನಿಲ್ಲಿಸಿದೆ?" ಅಂದ ಟಾಲಿವರ್.

ಅವಳು ಚುನಾವಣೆಯ ಪ್ಯಾರಾಕ್ಕೆ ಬಂದಿದ್ದಳು. ಅದನ್ನು ಓದಿದಳು. ಟಾಲಿವರ್ ಮೇಯರ್ ಸ್ಥಾನಕ್ಕೆ ನಿಂತಾಗ ಪೇಟೆಯ ಪತ್ರಿಕೆ ನಗೆಚಿತ್ರ ಬರೆದಿತ್ತು. ಕೆಳಗೇರಿ ಮಾತ್ರ ಹಬ್ಬದ ಬಟ್ಟೆ ಹಾಕಿಕೊಂಡು ಮತಗಟ್ಟೆಗೆ ನಡೆದಿತ್ತು. ಮಳೆಯಲ್ಲಿ ಸಾಲು ಕದಲಲಿಲ್ಲ. ಗೆದ್ದ ಸುದ್ದಿ ಬಂದಾಗ ಗ್ಯಾಡಿಸ್ ಅಂಗಡಿಯ ರೇಡಿಯೋವನ್ನು ಎತ್ತಿಕೊಂಡು ಬೀದಿಗೆ ಬಂದು ಕುಣಿದ, ತಂತಿ ಕಿತ್ತು ರೇಡಿಯೋ ಸತ್ತದ್ದೂ ಅವನಿಗೆ ತಿಳಿಯಲಿಲ್ಲ. ಟಾಲಿವರ್ ಕೊರಳಪಟ್ಟಿ ಬಿಚ್ಚಿ ಅಚ್ಚುಮನೆಯಲ್ಲಿ ನಿಂತು, ಮೊದಲ ಪುಟದ ಅಕ್ಷರಗಳನ್ನು ತಾನೇ ಜೋಡಿಸಿದ. ಆಮೇಲೆ ಬೀಗದಕೈಯನ್ನು ವರ್ಡೆಲ್ ಕೈಗಿಟ್ಟು ಹೇಳಿದ್ದ: "ಇನ್ನು ಇದು ನಿಂದು. ನನ್ನ ಮೇಲೂ ಬರಿ. ಬರೆದಾಗ ಕರಿ, ಬಂದು ಕೂರ್ತೀನಿ."

ಮೊದಲೆರಡು ವರ್ಷ ಬಂದು ಕೂತ. ಕಸದ ಗಾಡಿ, ಪೊಲೀಸರ ದೊಣ್ಣೆ, ಈಜುಕೊಳ, ಎಲ್ಲದಕ್ಕೂ ಬೈಸಿಕೊಂಡು, ಗ್ಯಾಡಿಸನ ಕೈಲಿ ಮುಖ ಹೆರೆಸಿಕೊಂಡು ಹೋದ.

ಆಮೇಲೆ ಹೆದ್ದಾರಿ ಬಂತು.

ಬಡವರ ಕೇರಿಯನ್ನು ಕೆಡವುವಾಗ ಅಧಿಕಾರದವರು ಯಾವತ್ತೂ ಒಂದು ಚಂದದ ಹೆಸರು ಹುಡುಕುತ್ತಾರೆ. ಆ ಸಲ ಹುಡುಕಿದ ಹೆಸರು ‘ನಗರದ ನವೋದಯ’. ಹೆದ್ದಾರಿ ಕೆರೆದಂಡೆಯ ಮೇಲೆ, ಶ್ರೀಮಂತರ ದೋಣಿಮನೆಗಳ ಹಿಂದೆ ಹೋಗುತ್ತದೆಂದು ಎಲ್ಲರಿಗೂ ಹೇಳಿದ್ದರು. ನಕ್ಷೆ ಒಳಗೊಳಗೇ ತಿರುಗಿ ಕೆಳಗೇರಿಯ ಎದೆ ಸೀಳಿದ್ದನ್ನೂ, ಮೇಯರ್ ಅದಕ್ಕೆ ಒಪ್ಪಿದ್ದನ್ನೂ ಮೊದಲು ತಿಳಿದವಳು ವರ್ಡೆಲ್. ಗುರುವಾರ ಸಂಜೆ ನಗರಸಭೆಯಲ್ಲಿ ಠರಾವು. ಗುರುವಾರ ಬೆಳಿಗ್ಗೆ ಲಾಂದ್ರ ಹೊರಬರುವ ಹೊತ್ತು. ಸುದ್ದಿ ಅಚ್ಚಾದರೆ ಇಡೀ ಕೆಳಗೇರಿ ಸಭೆಗೆ ನುಗ್ಗುತ್ತಿತ್ತು. ಅವಳು ಬರೆದಳು, ಅಕ್ಷರ ಜೋಡಿಸಿದಳು, ಟಾಲಿವರನಿಗೆ ಹೇಳಿಕಳಿಸಿದಳು. ಬುಧವಾರ ಬರುತ್ತೇನೆಂದು ಉತ್ತರ ಬಂತು.

ಬುಧವಾರ ಅವನು ಬರಲಿಲ್ಲ. ಕೇಳಲು ಬಂದವರಿಗೆ ಏನೂ ಗೊತ್ತಿಲ್ಲ, ಬರೀ ಮೇಯರ್ ಬರುತ್ತಾನೆಂದು ಗೊತ್ತು. ಅವನ ಕಿವಿಗೆ ಬೀಳುವ ಮೊದಲು ಇನ್ನೊಬ್ಬರಿಗೆ ಓದುವಂತಿರಲಿಲ್ಲ. ಕಾದು ಕಾದು ವರ್ಡೆಲ್ ಪ್ರೂಫ್ ಸುತ್ತಿಕೊಂಡು ನಗರಸಭೆಗೆ ಓಡಿದಳು. ಮೇಯರ್ ಮೀಟಿಂಗಿನಲ್ಲಿದ್ದಾರೆ ಅಂದರು. ಕಚೇರಿ ಮುಚ್ಚುವ ತನಕ ಬೆಂಚಿನಲ್ಲಿ ಕೂತಳು. ತಿರುಗಿ ಬಂದಾಗ ಗ್ಯಾಡಿಸ್ ಬಾಗಿಲಲ್ಲೇ ನಿಂತಿದ್ದ.

"ನಿನ್ನ ಮುಖ ನೋಡಿದ್ರೆ ದೊಡ್ಡದೇನೋ ಇದೆ. ಅಚ್ಚು ಹಾಕ್ಬಿಡಮ್ಮ" ಅಂದ.

"ಅವರಿಗೆ ಓದಿಲ್ಲ."

"ಬರ್ಲಿಲ್ವಲ್ಲ, ಅದು ಅವರ ಕರ್ಮ."

"ನಿಯಮ ಮಾಡಿದ್ದು ಅವರೇ, ಗ್ಯಾಡಿಸ್. ಅವರಿಗೇ ಮುರಿದ್ರೆ ನಾಳೆ ಯಾರಿಗೆ ಇಟ್ಕೊಳ್ಳಲಿ?"

ಆ ವಾರದ ಲಾಂದ್ರದ ಮೊದಲ ಪುಟದಲ್ಲಿ ಬಂದದ್ದು ಚರ್ಚಿನ ಹಾಡುಗಾರರ ಚಿತ್ರ. ಗುರುವಾರ ನಗರಸಭೆಯ ಕುರ್ಚಿಗಳು ಖಾಲಿ. ಠರಾವು ಪಾಸಾಯಿತು. ಸಭೆಯಲ್ಲೇ ಅವನ ಮುಂದೆ ಓದಿಯಾಗಿದ್ದ ಠರಾವಿನ ಸುದ್ದಿ ಮುಂದಿನ ವಾರ ಅಚ್ಚಾದಾಗ ಅದು ಬರೀ ಹೆಣದ ವರ್ಣನೆ. ಬುಲ್ಡೋಜರುಗಳು ಬಂದವು. ಕೆಳಗೇರಿಯ ಜನ ಊರಿನ ಮೂಲೆಮೂಲೆಗೆ ಚೆಲ್ಲಿಹೋದರು. ಟಾಲಿವರನಿಗೆ ಮತ ಹಾಕಿದ್ದ ಸಾಲನ್ನು ಟಾಲಿವರನ ಸಹಿಯೇ ಒಡೆದಿತ್ತು. ಮುಂದಿನ ಚುನಾವಣೆಯಲ್ಲಿ ಸೋತ. ಗ್ಯಾಡಿಸ್ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ಕತ್ತರಿ ಹಿಡಿದು, ಎರಡು ಚಳಿಗಾಲ ಕಳೆಯುವುದರಲ್ಲಿ ತೀರಿಹೋದ.

ವರ್ಡೆಲ್ ಕಾಗದ ಮಡಿಲಲ್ಲಿಟ್ಟಳು.

"ಇಲ್ಲಿ ಜಾಗ ಬಿಟ್ಟಿದೀನಿ, ಚೀಫ್. ಏನ್ ಬರೀಬೇಕು ಗೊತ್ತಾಗ್ಲಿಲ್ಲ. ಆ ಬುಧವಾರ ನೀವ್ ಬರ್ಲಿಲ್ಲ."

ಅವನು ಕಿಟಕಿಯ ಕಡೆ ನೋಡಿದ.

"ಮೀಟಿಂಗಿತ್ತು ಅಂತ ಬರಿ."

"ಇತ್ತಾ?"

ಹೊರಗೆ ಯಾವುದೋ ಮನೆಯವರು ಎಲೆ ಗುಡಿಸುವ ಸದ್ದು. ಟಾಲಿವರ್ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಬೆರಳ ಸಂದಿಯಲ್ಲಿ ಎಂದೋ ಹೋಗಿದ್ದ ಮಸಿಯನ್ನು ಹುಡುಕುವವನ ಹಾಗೆ.

"ಇರ್ಲಿಲ್ಲ" ಅಂದ. "ಒಳಗೊಬ್ಬನೇ ಕೂತಿದ್ದೆ. ನೀನು ಬೆಂಚಿನ ಮೇಲಿದ್ದೆ. ಶೀತ ಆಗಿತ್ತು ನಿಂಗೆ, ಕೆಮ್ತಿದ್ದೆ. ಎಲ್ಲಾ ಕೇಳಿಸ್ತಿತ್ತು."

"ನಾನು ಓದದೆ ಅಚ್ಚು ಹಾಕಲ್ಲ ಅಂತ ಗೊತ್ತಿತ್ತು ನಿಮಗೆ."

"ಗೊತ್ತಿತ್ತು. ಬೇರೆ ಯಾರಾದ್ರೂ ಆಗಿದ್ರೆ ಹಾಕ್ತಿದ್ರು. ನೀನು ಹಾಕಲ್ಲ."

ಇಷ್ಟು ವರ್ಷ ಈ ಮಾತು ಕೇಳಿದರೆ ಕೂಗಾಡುತ್ತೇನೆ ಅಂದುಕೊಂಡಿದ್ದಳು ವರ್ಡೆಲ್. ಕೂಗಲಿಲ್ಲ. ಅವಳ ಅಮ್ಮನ ಮನೆ ಡೋರ್ಸೆ ಬೀದಿಯಲ್ಲೇ ಇತ್ತು. ಬುಲ್ಡೋಜರ್ ಬಂದ ದಿನ ಅಮ್ಮ ಪರದೆಗಳನ್ನು ಒಗೆದು ಇಸ್ತ್ರಿ ಮಾಡಿ ತೂಗುಹಾಕಿದ್ದಳು. ಕೊಳಕು ಮನೆ ಕೆಡವಿದೆವು ಅಂತ ನಾಳೆ ಯಾರೂ ಹೇಳಬಾರದು ಎಂದಿದ್ದಳು.

"ಯಾಕೆ?"

"ಕುರ್ಚಿ ಸಿಕ್ತು, ನಕ್ಷೆ ಪೇಟೆ ದೊಡ್ಡೋರು ಮೊದ್ಲೇ ಬರೆದಿಟ್ಟಿದ್ರು. ಇದಕ್ಕೊಪ್ಪಿದ್ರೆ ಆಸ್ಪತ್ರೆ ಬರತ್ತೆ, ಶಾಲೆ ಬರತ್ತೆ, ಒಪ್ಪದಿದ್ರೆ ಏನೂ ಇಲ್ಲ ಅಂದ್ರು. ಕರಿಯ ಮೇಯರ್ ಕೈಲಿ ಒಂದೂ ಆಗ್ಲಿಲ್ಲ ಅಂತ ನಗ್ತಾರಲ್ಲ, ಅದೊಂದೇ ತಲೇಲಿ ಕೊರೀತಿತ್ತು. ಸುದ್ದಿ ಬಂದ್ರೆ ಜನ ನುಗ್ತಾರೆ, ಠರಾವು ಬೀಳತ್ತೆ. ಮೊದ್ಲು ಆಗ್ಲಿ, ಆಮೇಲೆ ತಿಳಿಸಿ ಹೇಳೋಣ ಅಂತ."

"ಆಮೇಲೆ ಯಾವಾಗ, ಚೀಫ್?"

ಅವನು ಅಂಗಿಯ ತೋಳಿನ ಗುಂಡಿ ಹಾಕಿಕೊಂಡ.

"ನಿಮ್ಮಣ್ಣನ್ನ ಕೇಳದೆ ಬರೆದ್ರು ಅಂತ ಪತ್ರಿಕೆ ಕಟ್ಟಿದ್ರಿ" ಅಂದಳು ವರ್ಡೆಲ್. "ಇಡೀ ಕೇರೀನ ಕೇಳದೆ ಕೆಡವಿದ್ರಿ. ನನ್ನ ನಿಯತ್ತನ್ನೇ ಬಾಯಿಗೆ ಬಟ್ಟೆ ಮಾಡಿ ತುರುಕಿದ್ರಿ."

"ಹೌದು."

ಅವಳು ಪೆನ್ನು ತೆಗೆದು ಖಾಲಿ ಬಿಟ್ಟಿದ್ದ ಕಡೆ ಬರೆದಳು. ಕಾಗದವನ್ನು ಮೊಣಕಾಲಿಗೆ ಒತ್ತಿಕೊಂಡಿದ್ದಳು. ಬರೆದು, ಓದಿದಳು:

"ಕೆಳಗೇರಿಯನ್ನು ಕೆಡವುವ ಠರಾವಿಗೆ ಅವರು ಸಹಿ ಹಾಕಿದರು. ಅದರ ಸುದ್ದಿ ಜನಕ್ಕೆ ಮುಟ್ಟದಿರಲೆಂದು, ತಾವೇ ಮಾಡಿದ ನಿಯಮವನ್ನು ಬಳಸಿ, ತಾವೇ ಕಟ್ಟಿದ ಪತ್ರಿಕೆಯ ಬಾಯಿ ಮುಚ್ಚಿಸಿದರು."

ಟಾಲಿವರ್ ಕಣ್ಣು ಮುಚ್ಚಿಕೊಂಡು ಕೇಳಿದ. ತುಟಿ ಅಲುಗುತ್ತಿತ್ತು. ಪ್ರೂಫ್ ಕೇಳುವಾಗ ಪದಗಳನ್ನು ತನ್ನೊಳಗೇ ಹೇಳಿಕೊಳ್ಳುವುದು ಅವನ ಹಳೆಯ ಚಾಳಿ.

"ವರ್ಡೆಲ್, ಇದನ್ನ ಚರ್ಚಲ್ಲಿ ಓದ್ತಾರೆ. ಹೆಣದ ಪೆಟ್ಟಿಗೆ ಮುಂದೆ. ರೋಸೆಟಾ ಮೊದಲ ಸಾಲಲ್ಲಿ ಕೂತಿರ್ತಾಳೆ, ಮಕ್ಕಳನ್ನ ಕಟ್ಕೊಂಡು."

"ಗೊತ್ತು."

"ಪತ್ರಿಕೇಲಿ ಹಾಕು. ಚರ್ಚಲ್ಲಿ ಬಿಟ್ಬಿಡು. ಇಷ್ಟೇ ಕೇಳ್ತಿರೋದು."

ಅವನು ಯಾರಲ್ಲೂ ಏನನ್ನೂ ಬೇಡಿದ್ದನ್ನು ಅವಳು ಕಂಡಿರಲಿಲ್ಲ. ತಂದೆಯಿಲ್ಲದ ಅವಳಿಗೆ ಅಕ್ಷರ ಜೋಡಿಸಲು ಕಲಿಸಿದವನು, ಅವಳ ಮೊದಲ ಲೇಖನದ ಕೆಳಗೆ ಅವಳ ಪೂರ್ತಿ ಹೆಸರು ಹಾಕಿ ಅಮ್ಮನಿಗೆ ಹತ್ತು ಪ್ರತಿ ಕಳಿಸಿದವನು.

"ಆಗಲ್ಲ, ಚೀಫ್" ಅಂದಳು. "ಅಲ್ಲಿ ರೋಸೆಟಾ ಒಬ್ಬಳೇ ಕೂತಿರಲ್ಲ. ಕೆಳಗೇರಿ ಪೂರ್ತಿ ಕೂತಿರತ್ತೆ."

ಟಾಲಿವರ್ ಮತ್ತೆ ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೇನೋ ಎಂದು ವರ್ಡೆಲ್ ಏಳುವುದರಲ್ಲಿದ್ದಳು. ಆಗ ಅವನು ಕೈ ಚಾಚಿದ. "ಕೊಡಿಲ್ಲಿ." ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಆ ಎರಡು ವಾಕ್ಯವನ್ನು ಓದಿದ. ಮತ್ತೆ ಮಾತಾಡಿದಾಗ ಅದು ಅಚ್ಚುಮನೆಯ ದನಿ, ಗಂಟು ಮುಖದ ದನಿ.

"ಇದನ್ನ ನಿಧನವಾರ್ತೇಲಿ ಯಾಕೆ ಬಚ್ಚಿಟ್ಟಿದೀಯ? ಸತ್ತ ಮೇಲೆ ಹಾಕಿದ್ರೆ ಎಲ್ರೂ ಪಾಪ ಅಂದು ಮನೆಗೆ ಹೋಗ್ತಾರೆ. ಬದುಕಿದ್ದಾಗ ಹಾಕಿದ್ರೆ ಸುದ್ದಿ. ಇದು ಈ ವಾರದ ಮೊದಲ ಪುಟ, ವರ್ಡೆಲ್."

"ಚೀಫ್..."

"ಓದಿ ಕೇಳಿಸಿದ್ಯಲ್ಲ. ಕೇಳಿಸ್ಕೊಂಡೆ. ಇನ್ನೇನಡ್ಡ ಇದೆ ನಿಂಗೆ?"

"ಜನ ಇಲ್ಲಿಗೇ ಬರ್ತಾರೆ. ನಿಮಗೆ ಉಸಿರಾಡಕ್ಕೇ ಆಗ್ತಿಲ್ಲ."

"ಭಯ ಆಗ್ತಿದೆ ಕಣೆ" ಅಂದ ಅವನು, ತೀರ ಸಣ್ಣಗೆ. "ಹಂಗಂತ ಇನ್ನೊಂದ್ಸಲ ಬಾಗಿಲು ಹಾಕ್ಕೊಂಡು ಒಳಗೆ ಕೂರಕ್ಕೂ ಆಗಲ್ಲ."

ಗುರುವಾರ ಲಾಂದ್ರ ಬಂತು. ಮೊದಲ ಪುಟ, ಅಡ್ಡಕ್ಕೆ ಪೂರ್ತಿ. ಟೆಲಿಫೋನು ಸುಮ್ಮನಾಗಲಿಲ್ಲ. ಮುದುಕನನ್ನು ನೆಮ್ಮದಿಯಾಗಿ ಸಾಯಲು ಬಿಡಬಾರದಿತ್ತೇ ಎಂದು ಕೆಲವರು ವರ್ಡೆಲ್‌ಗೇ ಛೀಮಾರಿ ಹಾಕಿದರು. ಅಂದು ಒಳ್ಳೆಯ ಪರಿಹಾರ ಪಡೆದಿದ್ದ ಒಬ್ಬ ಮನೆಮಾಲೀಕ ಚಂದಾ ನಿಲ್ಲಿಸಿದ.

ಶನಿವಾರ ವರ್ಡೆಲ್ ಹೋಗುವಷ್ಟರಲ್ಲಿ ಟಾಲಿವರನ ಮನೆಯ ಮುಂದೆ ಜನ ನಿಂತಿದ್ದರು. ಕೂಗಿಲ್ಲ, ಗಲಾಟೆಯಿಲ್ಲ. ಮೇಲಂಗಿಯ ಜೇಬಿನಲ್ಲಿ ಕೈಯಿಟ್ಟು, ಚರ್ಚು ಬಿಟ್ಟ ಮೇಲೆ ನಿಲ್ಲುವ ಹಾಗೆ ನಿಂತಿದ್ದರು. ಕೆಲವರನ್ನು ಅವಳು ವರ್ಷಗಳಿಂದ ನೋಡಿರಲಿಲ್ಲ. ಊರಿನ ಯಾವ್ಯಾವುದೋ ತುದಿಯಿಂದ ಬಸ್ಸು ಬದಲಾಯಿಸಿ ಬಂದಿದ್ದರು. ಬಂದವರಲ್ಲೇ ಒಬ್ಬರನ್ನೊಬ್ಬರು ಗುರುತು ಹಿಡಿದು, "ನೀನು ಪಂಪಿನ ಮನೆಯವ್ನಲ್ವಾ? ಇಷ್ಟು ದಪ್ಪ ಆಗಿದೀಯ" ಎನ್ನುತ್ತಿದ್ದರು. ಯಾರೋ ಮನೆಯಲ್ಲಿ ಬೇಯಿಸಿದ ಗೆಣಸಿನ ಸಿಹಿ ಪೈ ಕೂಡ ತಂದಿದ್ದರು. ಸಿಟ್ಟಿನಲ್ಲಿ ಬಂದರೂ ಬರಿಗೈಯಲ್ಲಿ ಬರಲು ಅವರಿಗೆ ಗೊತ್ತಿರಲಿಲ್ಲ.

ಟಾಲಿವರ್ ಜಗುಲಿಯಲ್ಲಿ ಕೂತಿದ್ದ. ಕೊರಳಪಟ್ಟಿ ಹಾಕಿಕೊಂಡಿದ್ದ. ಅವನ ಎದುರಿನ ಕುರ್ಚಿಯಲ್ಲಿ ಲುವೆನಿಯಾ ಅವ್ವ, ಕೋಲಿನ ಮೇಲೆ ಎರಡೂ ಕೈ ಊರಿ.

"ಒಳಗೆ ಕರ್ಕೊಂಡು ಹೋಗ್ತೀನಿ ಆಂಟಿ, ಅವರ ತುಟಿ ನೀಲಿಯಾಗಿದೆ" ಎಂದು ರೋಸೆಟಾ ವರ್ಡೆಲ್ ಕಿವಿಯಲ್ಲಿ ಹೇಳಿದಳು. ಅವಳು ಅತ್ತಿದ್ದಳು.

"ನಿಮ್ಮಪ್ಪನ್ನ ಕೇಳು."

"ಕೇಳ್ದೆ. ಬೈದ್ರು."

ಲುವೆನಿಯಾ ಅವ್ವ ಮಾತಿನ ನಡುವೆ ಇದ್ದಳು. "...ಆ ಪೀಚ್ ಗಿಡ ನನ್ನ ಗಂಡ ನೆಟ್ಟಿದ್ದು. ಹಣ್ಣು ಕದ್ದು ತಿನ್ನಕ್ಕೆ ನೀನೂ ಬಂದಿದೀಯ, ಸುಳ್ಳು ಹೇಳ್ಬೇಡ. ಅದರ ಮೇಲೀಗ ಲಾರಿ ಓಡ್ತವೆ. ಈಗಿರೋ ಮನೆ ಆರನೇ ಮಹಡಿ, ಓಜೆಲ್. ಕೆಳಗೆ ಯಾರಿದಾರೆ, ಮೇಲೆ ಯಾರಿದಾರೆ, ಒಬ್ಬರ ಹೆಸರೂ ನಂಗ್ ಗೊತ್ತಿಲ್ಲ. ಸತ್ರೆ ವಾಸನೆ ಬಂದ್ಮೇಲೆ ತಿಳಿಯತ್ತೆ. ಆ ಬುಧವಾರ ನಾನು ಕ್ಷೌರದಂಗಡೀಲಿ ಕೂತಿದ್ದೆ, ನೀನು ಬರ್ತೀಯ ಅಂತ ಹೊಸ ಟೋಪಿ ಹಾಕ್ಕೊಂಡು."

"ಲುವೆನಿಯಾ ಅವ್ವ, ನಾನು ಆಗ..."

"ನೀನು ಮಾತಾಡ್ಬೇಡ. ನಿನ್ನ ಮಾತು ಬಹಳ ಕೇಳಿದೀವಿ, ಭಾಷಣ. ಕ್ಷಮಿಸ್ತೀನಿ ಅಂತ ಬಂದಿಲ್ಲ ನಾನು. ನಿಂಗೆ ಹೇಳ್ಬೇಕಿತ್ತು, ನೀನು ಬದುಕಿರೋವಾಗ."

"ಸರಿ" ಅಂದ ಟಾಲಿವರ್. "ಹೇಳು."

ಅವಳು ಹೇಳಿದಳು. ಅವಳಿಗೆ ಬಹಳ ಹೇಳುವುದಿತ್ತು. ಮೆಟ್ಟಿಲ ಮೇಲಿದ್ದವರೂ ಅಲ್ಲಲ್ಲಿ ದನಿಗೂಡಿಸಿದರು. ಟಾಲಿವರ್ ಒಬ್ಬೊಬ್ಬರು ಮಾತಾಡುವಾಗಲೂ ಅವರ ಕಡೆಗೆ ತಲೆ ತಿರುಗಿಸುತ್ತಿದ್ದ, ತಿರುಗಿಸಲು ಅವನಿಗೆ ಕಷ್ಟವಾಗುತ್ತಿತ್ತು. ಕೆರೆಯ ಕಡೆಯಿಂದ ಗಾಳಿ ಎದ್ದಾಗ ಅವನು ಮಗಳನ್ನು ಕರೆದ.

"ರೋಸೆಟಾ, ಕಂಬಳಿ ತಾ. ಅಡುಗೆಮನೆ ಕುರ್ಚಿಗಳನ್ನೂ ತಂದು ಹಾಕು, ಜನ ಇನ್ನೂ ನಿಂತಿದಾರೆ."